ಆಚೆ ದಡದ ದುಪ್ಪಟಿ

ಒದ್ದೆ ದುಪ್ಪಟಿಯ ಅಂಚು ಹಣೆಗೆ ತಾಕಿದಾಗ ಕಾರ್ವೆಲ್ ಇವತ್ತೂ ತಲೆ ತಗ್ಗಿಸಿ ಆಚೆ ದಾಟಿದ. ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ ಅವನ ಹೆಂಡತಿ ಗ್ರೋವಾ ಹಗ್ಗ ಕಟ್ಟಿದ್ದಳು. ಹವೆ ಕೆಟ್ಟು ವಿಮಾನ ಬಾರದ ದಿನ ಇವರ ಮನೆಯಲ್ಲೇ ಉಳಿದುಕೊಳ್ಳುವ ಪ್ರಯಾಣಿಕರ ಹಾಸಿಗೆಯ ದುಪ್ಪಟಿಗಳು, ದಿಂಬಿನ ಚೀಲಗಳು, ಮೇಜಿನ ಬಟ್ಟೆ, ಎಲ್ಲವೂ ಒಲೆಯ ಮೇಲೆಯೇ ನೇತಾಡುತ್ತ ಕಾಫಿಗೂ ಸೋಪಿನ ವಾಸನೆ ಹತ್ತಿಸಿದ್ದವು. ಮನೆಯ ಹಿಂದೆ ಕಂಬ ಇತ್ತು, ಕಂಬಕ್ಕೆ ತಂತಿ ಇತ್ತು, ಕೊಲ್ಲಿಯ ಮೇಲಿಂದ ಒಣ ಗಾಳಿ ಬೀಸುತ್ತಿತ್ತು. ಆದರೆ ಆ ಸೋಮವಾರದ ನಂತರ ಗ್ರೋವಾ ಒಂದು ಕರವಸ್ತ್ರವನ್ನೂ ಹೊರಗೆ ಹಾಕಿರಲಿಲ್ಲ. ಯಾಕೆ ಎಂದು ಅವನು ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾಳೋ ಎಂಬ ಭಯ. ಅವಳ ಬೈಗುಳಕ್ಕೆ ಅವನು ಯಾವತ್ತೂ ಹೆದರಿದವನಲ್ಲ, ಬೈದರೆ ಬೈದಳು, ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗುತ್ತಿದ್ದಳು. ಬಾಯಿ ಬಿಡದ ಈ ಗ್ರೋವಾ ಮಾತ್ರ ಅವನಿಗೆ ಹೊಸಬಳು.

“ಹೊರಗೆ ಒಳ್ಳೇ ಗಾಳಿ ಇದೆ,” ಅಂದ.

“ಇದೆ.”

“ಊಟದ ಹೊತ್ತಿಗೆಲ್ಲಾ ಒಣಗಿಬಿಡ್ತಿತ್ತು.”

ಅವಳು ಕಪ್ಪು ರೊಟ್ಟಿಯ ಮೇಲೆ ಬೆಣ್ಣೆ ಸವರುತ್ತ ಕಿಟಕಿಯ ಕಡೆ ನೋಡಿದಳು. ಆ ಕಿಟಕಿಯಿಂದ ರನ್‌ವೇ ಕಾಣುತ್ತದೆ, ರನ್‌ವೇಯ ಆಚೆ ಕೊಲ್ಲಿಯ ನೀರು, ನೀರಿನ ಆಚೆ ದಡದಲ್ಲಿ ಎಬೆನೇಸರನ ಒಂಟಿ ಮನೆ. “ಸಲೋಮೆ ಇವತ್ತು ಬರ್ತಾಳೆ ಅಲ್ವಾ?” ಅಂದಳು.

“ಹೂಂ.”

“ಟೋಪಿ ಮರೀಬೇಡ. ಕಂಪನಿಯವರು ನೋಡ್ತಾರೆ.”

ಟೋಪಿ ಬಾಗಿಲ ಪಕ್ಕದ ಮೊಳೆಯಲ್ಲಿತ್ತು. ಕಡುನೀಲಿ ಟೋಪಿ, ಮುಂದೆ ಹಿತ್ತಾಳೆಯ ಜೋಡಿ ರೆಕ್ಕೆ. ಅದು ರಾಜಧಾನಿ ರೇಕ್ಯಾವಿಕ್‌ನ ವಿಮಾನ ಕಂಪನಿಯಿಂದ ಪೆಟ್ಟಿಗೆಯಲ್ಲಿ ಬಂದ ದಿನ ಅವನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಅತ್ತ ಓರೆ ಇತ್ತ ಓರೆ ಮಾಡಿ ನೋಡಿಕೊಂಡಿದ್ದ. ಥೂ, ಈ ವಯಸ್ಸಿನಲ್ಲಿ! ಆದರೆ ಸುಳ್ಳು ಯಾಕೆ, ಖುಷಿಯಾಗಿತ್ತು. ಇಷ್ಟು ವರ್ಷ ಜಲ್ಲಿಯ ರನ್‌ವೇ ಮೇಲಿಂದ ಕುರಿ ಓಡಿಸಿದವನು, ಮೂಗು ಸೋರುತ್ತ ಗಾಳಿಯ ದಿಕ್ಕು ನೋಡಿದವನು, ಬಂದವರ ಗಂಟುಮೂಟೆ ಹೊತ್ತವನು, ಕೊನೆಗೊಂದು ದಿನ ಕನ್ನಡಿಯಲ್ಲಿ ಅಧಿಕಾರಿಯ ಹಾಗೆ ಕಂಡಿದ್ದ. ಎಲ್ಲ ಶುರುವಾದದ್ದು ಆ ಟೋಪಿಯಿಂದಲೇ ಇರಬೇಕು ಎಂದು ಈಗ ಅನ್ನಿಸುತ್ತದೆ. ಅನ್ನಿಸಿದ ಮರುಕ್ಷಣವೇ ಅದೂ ಸುಳ್ಳು ಅನ್ನಿಸುತ್ತದೆ. ಟೋಪಿಗೇನು ಗೊತ್ತು, ನಕ್ಕವನು ಅವನು. ಗ್ರೋವಾ ಹೇಳಿದಳಲ್ಲ ಎಂದು ಅದನ್ನು ತಲೆಗೇರಿಸಿ, ಬಾಗಿಲು ಎಳೆದುಕೊಂಡು, ರನ್‌ವೇಯ ಕಡೆ ಇಳಿದ.

ಇಳಿಯುತ್ತ ಆಚೆ ದಡ ನೋಡಬಾರದು ಎಂದುಕೊಂಡ. ಹಾಗೆ ಅಂದುಕೊಂಡೇ ನೆಲದ ಮೇಲೆ ಕಣ್ಣು ನೆಟ್ಟು ನಡೆದ. ಇಲ್ಲಿನ ಕಲ್ಲುಗಳನ್ನು ಒಂದೊಂದಾಗಿ ಹೆಕ್ಕಿ ರನ್‌ವೇ ಮಾಡಿದವರು ಅವನೂ ಅವನ ಗೆಳೆಯ ಸ್ಟುರ್ಲಾನೂ. ಆಗ ಸ್ಟುರ್ಲಾನ ಹತ್ತಿರ ಇದ್ದದ್ದು ಒಂದೇ ಒಂದು ಪುಟ್ಟ ವಿಮಾನ, ಮೀನಿನ ಹಿಂಡು ಎಲ್ಲಿದೆ ಎಂದು ಮೇಲಿನಿಂದ ನೋಡಿ ದೋಣಿಯವರಿಗೆ ಹೇಳುವುದಕ್ಕೆ ಕೊಂಡದ್ದು. ಮೀನು ಎತ್ತಲೋ ಹೋಯಿತು, ವಿಮಾನ ಉಳಿಯಿತು. ಆಮೇಲೆ ಕರೆದವರಿಗೆಲ್ಲ ಹಾರಿದ: ಮದುಮಗಳಿಗೆ, ಪಾದ್ರಿಗೆ, ಸೂಲಗಿತ್ತಿಗೆ, ಒಮ್ಮೆ ಆಚೆ ಕೊಲ್ಲಿಯವರ ಟಗರಿಗೂ. ಬಾಲದ ಮೇಲೆ ಕಂಪನಿಯ ಹೆಸರನ್ನು ಶಾಲೆಯ ಮೇಷ್ಟ್ರು ಕೈಯಲ್ಲೇ ಬರೆದಿದ್ದರು, ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಕೆಳಗೆ ಜಾರಿತ್ತು. “ಎಷ್ಟೊತ್ತಿಗೆ ಹೊರಡ್ತೀಯೋ?” ಎಂದು ಯಾರಾದರೂ ಕೇಳಿದರೆ ಸ್ಟುರ್ಲಾನಿಗೆ ಕೋಪವೇ ಬರುತ್ತಿತ್ತು. “ಎಲ್ರೂ ಬಂದ ಮೇಲೆ! ಊರಿನೋರನ್ನ ಬಿಟ್ಟು ಎದ್ದು ಹೋಗೋದಕ್ಕೆ ನಾನೇನು ಕಡಲಹಕ್ಕಿನಾ?” ಅನ್ನುತ್ತಿದ್ದ. ಎಂಜಿನ್ನು ಆರಬಾರದೆಂದು ಗ್ರೋವಾಳ ಗರಿ ತುಂಬಿದ ರಜಾಯಿ ತಂದು ಅದರ ಮೂತಿಗೆ ಹೊದಿಸಿ, ಇಬ್ಬರೂ ಅಡುಗೆಮನೆಯಲ್ಲಿ ಕೂತು ಕಾಫಿಯ ಮೇಲೆ ಕಾಫಿ ಕುಡಿಯುತ್ತ, ಬರುವವರು ಬರಲಿ ಎಂದು ಕಿಟಕಿ ನೋಡುತ್ತಿದ್ದರು. ಕಾಯುವುದು ಒಂದು ಕೆಲಸ ಎಂದು ಆಗ ಕಾರ್ವೆಲ್‌ಗೆ ಅನ್ನಿಸಿರಲೇ ಇಲ್ಲ. ಅದೊಂದೇ ಅವನಿಗೆ ನಿಜವಾಗಿ ಬರುತ್ತಿದ್ದ ಕೆಲಸ ಎಂದು ಗೊತ್ತಾದದ್ದು ಈಗ.

ವಿಮಾನಕ್ಕೆ ಕಾಣಲೆಂದು ಗೋಡೆಗೆ ದುಪ್ಪಟಿ ಹಾಕಿದ ಮೊದಲನೆಯವಳು ಸಲೋಮೆ. ಅವಳ ಗಂಡ ಎಬೆನೇಸರ್ ಹಕ್ಕಿಮೊಟ್ಟೆಗೆಂದು ಕಡಲಬಂಡೆಗೆ ಹಗ್ಗ ಕಟ್ಟಿ ಇಳಿದವನು ಜಾರಿ ಬಿದ್ದು ತೊಡೆ ಮುರಿದುಕೊಂಡಿದ್ದ. ಟೆಲಿಫೋನು ಆ ದಡಕ್ಕೆ ಇನ್ನೂ ಬಂದಿರಲಿಲ್ಲ. ಈಚೆ ದಡದಲ್ಲಿ ಸ್ಟುರ್ಲಾ ಎಂಜಿನ್ನು ತಿರುಗಿಸುತ್ತಿರುವ ಸದ್ದು ನೀರಿನ ಮೇಲೆ ಹಾಯ್ದು ಅವಳಿಗೆ ಕೇಳಿರಬೇಕು. ಕೂಗಿದರೆ ಯಾರಿಗೆ ಕೇಳಬೇಕು? ಹಾಸಿಗೆಯಿಂದ ದುಪ್ಪಟಿ ಎಳೆದು, ಏಣಿ ಹಾಕಿ ಹತ್ತಿ, ಮನೆಯ ಪಕ್ಕೆಗೋಡೆಯ ಮೇಲೆ ಎರಡು ಮೊಳೆಗೆ ಬಿಗಿದು ಬಿಟ್ಟಳು. “ಸ್ಟುರ್ಲಾ, ಅಲ್ಲಿ ಏನೋ ಆಗಿದೆ,” ಎಂದು ಮೊದಲು ಕಂಡು ಕೂಗಿದವನು ಕಾರ್ವೆಲ್‌ನೇ. ನಿಂತರು. ಸಲೋಮೆ ಗಂಡನನ್ನು ದೋಣಿಯಲ್ಲಿ ಮಲಗಿಸಿ ತಾನೇ ಹುಟ್ಟು ಹಾಕುತ್ತ ಬಂದಳು. ಕಾಲು ಉಳಿಯಿತು, ಸ್ವಲ್ಪ ಕುಂಟು ಅಷ್ಟೇ. ಆ ಮೇಲೆ ಅದೇ ಪದ್ಧತಿಯಾಯಿತು. ಕೊಲ್ಲಿಯ ಸುತ್ತ ಯಾರ ಮನೆಯಲ್ಲಿ ಯಾರು ವಿಮಾನಕ್ಕೆ ಹೊರಟರೂ ಪಕ್ಕೆಗೋಡೆಗೆ ದುಪ್ಪಟಿ. ಟೆಲಿಫೋನು ಬಂದ ಮೇಲೂ ದುಪ್ಪಟಿಯೇ; ಊರಿಗೆಲ್ಲ ಒಂದೇ ತಂತಿ, ಎತ್ತಿದರೆ ಎಲ್ಲರ ಕಿವಿ. ದುಪ್ಪಟಿ ಹಾಕಿದರೆ ಮುಗಿಯಿತು, ಆಮೇಲೆ ಹಸು ಕರೆಯಬಹುದು, ಗಡ್ಡ ಹೆರೆಯಬಹುದು, ಕಾಫಿ ಕುಡಿಯಬಹುದು. ದುಪ್ಪಟಿ ಅಂದರೆ ಬರುತ್ತಿದ್ದೇನೆ ಎಂದು. ಅದಕ್ಕೆ ಈಚೆಯಿಂದ ಉತ್ತರ ಬೇಕಿರಲಿಲ್ಲ, ಯಾಕೆಂದರೆ ಕಾರ್ವೆಲ್ ನೋಡಿಯೇ ಇರುತ್ತಿದ್ದ.

ಕಂಪನಿ ದೊಡ್ಡದಾದಾಗ ಬೇಡ ಅಂದವರು ಯಾರಿದ್ದರು? ಯಾರೂ ಇಲ್ಲ. ಎಲ್ಲರಿಗೂ ಅದೇ ಬೇಕಿತ್ತು. ವೇಳಾಪಟ್ಟಿ ಇರುವ ವಿಮಾನ ಬೇಕು, ಎರಡು ಎಂಜಿನ್ನಿನದು ಬೇಕು, ಪರದೆ ಇರುವ ಕಿಟಕಿ ಬೇಕು ಎಂದು ಸಭೆಯಲ್ಲಿ ಕುಳಿತು ಕೇಳಿದವರೇ ಇವರೆಲ್ಲ. ಸ್ಟುರ್ಲಾ ಪಾಲುದಾರರನ್ನು ಹುಡುಕಿದ, ಪರವಾನಗಿ ತಂದ, ಹಳೆಯ ವಿಮಾನ ಮಾರಿದ, ತಾನು ಹಾರುವುದನ್ನು ಬಿಟ್ಟು ರೇಕ್ಯಾವಿಕ್‌ನಲ್ಲಿ ರತ್ನಗಂಬಳಿ ಹಾಸಿದ ಕೋಣೆಯಲ್ಲಿ ಕುರ್ಚಿ ಹಿಡಿದ. ಅಚ್ಚಾದ ವೇಳಾಪಟ್ಟಿಯನ್ನು ಸಹಕಾರಿ ಅಂಗಡಿಯ ಬಾಗಿಲಿಗೆ ಅಂಟಿಸಿದ ದಿನ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕೆನೆಯ ಕೇಕು ಕತ್ತರಿಸಿದರು. ಎಬೆನೇಸರ್ ಕನ್ನಡಕ ಹಣೆಗೇರಿಸಿ, ಕಾಗದಕ್ಕೆ ಮೂಗು ತಾಕಿಸಿ ತಮ್ಮ ಕೊಲ್ಲಿಯ ಹೆಸರು ಓದಿ, “ನೋಡೇ, ನಾವೂ ಮನುಷ್ಯರಾದ್ವಿ,” ಎಂದು ಸಲೋಮೆಗೆ ಹೇಳಿದ್ದ. ಸಲೋಮೆ ಆಗಲೇ ಸ್ವಲ್ಪ ಸೊರಗಿದ್ದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ನಕ್ಕಿದ್ದಳು. ದುಪ್ಪಟಿಯ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ವೇಳಾಪಟ್ಟಿ ಬಂದರೆ ದುಪ್ಪಟಿ ಹೋಗುತ್ತದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಎರಡೂ ಇರುತ್ತವೆ ಎಂದುಕೊಂಡಿದ್ದರು ಪಾಪ.

ಆ ಭಾನುವಾರ ಸಂಜೆ ಸ್ಟುರ್ಲಾ ಫೋನು ಮಾಡಿದ. ದನಿಯಲ್ಲಿ ಹಳೆಯ ಗದ್ದಲ ಇರಲಿಲ್ಲ, ಯಾರೋ ಪಕ್ಕದಲ್ಲಿ ಕೂತಿರುವಾಗ ಮಾತಾಡುವವನ ಹಾಗೆ ಮಾತಾಡಿದ. “ನಾಳೆ ಮೊದಲನೇ ದಿನ ಕಣೋ. ಹೊತ್ತಿಗೆ ಸರಿಯಾಗಿ ಬಿಡು. ನಿಮ್ಮ ಕೊಲ್ಲೀನ ಪಟ್ಟೀಲಿ ಸೇರಿಸೋದಕ್ಕೆ ನಾನು ಇಲ್ಲಿ ಜಗಳ ಆಡಿದೀನಿ, ನನ್ನ ಮರ್ಯಾದೆ ಕಳೀಬೇಡ.” “ಆಯ್ತು,” ಅಂದ ಕಾರ್ವೆಲ್. ಯಾರಾದರೂ ದುಪ್ಪಟಿ ಹಾಕಿದರೆ ಏನು ಮಾಡಲಿ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ರತ್ನಗಂಬಳಿಯ ಕೋಣೆಗೆ ಆ ಮಾತು ಎಳೆಯ ಮಕ್ಕಳ ಆಟದ ಹಾಗೆ ಕೇಳಿಸೀತು ಎಂದು ನುಂಗಿದ. ಸ್ಟುರ್ಲಾನೂ ಅದನ್ನೇ ನುಂಗುತ್ತಿದ್ದನೇನೋ. ಇಬ್ಬರೂ ಫೋನು ಇಟ್ಟರು.

ಮರುದಿನ ವಿಮಾನ ಇಳಿಯಿತು. ಎಷ್ಟು ಬೆಳ್ಳಗೆ, ಎಷ್ಟು ನುಣ್ಣಗೆ! ಹತ್ತಿದ ಊರಿನವರು ಸೀಟಿನ ಗುಂಡಿ ಒತ್ತಿ ಒತ್ತಿ ಹಿಂದೆ ಒರಗಿ ಮುಂದೆ ಬಾಗಿ ಆಡುತ್ತಿದ್ದರು. ಕ್ಯಾಪ್ಟನ್ ಹೌಕುರ್ ಕೆಳಗಿಳಿದು ಬಂದ, ಕಾರ್ವೆಲ್‌ನ ಮಗನ ವಯಸ್ಸಿನವನು, ಇಸ್ತ್ರಿ ಮಾಡಿದ ಅಂಗಿ, ಸ್ಕಾಟ್ಲೆಂಡಿನಲ್ಲಿ ಕಲಿತವನು. ಕೈ ಕುಲುಕಿ, “ಜಾಗ ಚೆನ್ನಾಗಿದೆ ಮಾರಾಯ್ರೆ,” ಅಂದ. ಆಗ ಕಾರ್ವೆಲ್ ನೋಡಿದ. ಆಚೆ ದಡದಲ್ಲಿ, ಎಬೆನೇಸರನ ಪಕ್ಕೆಗೋಡೆಯ ಮೇಲೆ, ದುಪ್ಪಟಿ. ಹವೆ ತಿಳಿಯಾಗಿತ್ತು. ಗಾಳಿಗೆ ಅದರ ಕೆಳಗಿನ ಮೂಲೆ ಎದ್ದು ಬೀಳುವುದೂ ಕಾಣುತ್ತಿತ್ತು. ಸಲೋಮೆ ರೇಕ್ಯಾವಿಕ್‌ನ ಆಸ್ಪತ್ರೆ ಸೇರಿ ಆಗಲೇ ಕೆಲವು ವಾರವಾಗಿತ್ತು. ಮುದುಕ ಹೊರಟಿದ್ದಾನೆ ಎಂದು ಗೊತ್ತಾಯಿತು. ನೀರು ಮುಗಿಯುವ ಕೊಲ್ಲಿಯ ತಲೆ ಸುತ್ತಿ ಬರಬೇಕು, ಅವನ ಹಳೆಯ ಜೀಪು, ಆ ರಸ್ತೆ. ಹೌಕುರ್ ಕೂಡ ಅತ್ತ ನೋಡಿದ. “ಅದೇನು ಅಲ್ಲಿ, ಬೆಳ್ಳಗೆ?” ಅಂದ.

“ಅದಾ? ಬಟ್ಟೆ ಒಣಹಾಕಿದ್ದಾರೆ,” ಅಂದ ಕಾರ್ವೆಲ್. ಅಂದು, ನಕ್ಕ. “ಹಳ್ಳಿ ಜನ.”

ಆ ನಗು. ಮಾತನ್ನಾದರೂ ಅವನು ತನಗೆ ತಾನೇ ಹೇಗೋ ವಿವರಿಸಿಕೊಳ್ಳಬಲ್ಲ: ಸ್ಟುರ್ಲಾನ ಮರ್ಯಾದೆ, ಮೊದಲನೇ ದಿನ, ಇವತ್ತಲ್ಲದಿದ್ದರೆ ಬುಧವಾರ ಇನ್ನೊಂದು ವಿಮಾನ ಇದೆಯಲ್ಲ, ಮುದುಕ ಹೆಂಡತಿಯನ್ನು ನೋಡಿ ಬರಲು ಹೊರಟಿರುತ್ತಾನೆ, ಅಷ್ಟೇ ತಾನೆ. ಆದರೆ ನಗುವಿಗೆ ಯಾವ ವಿವರಣೆಯೂ ಸಿಗಲಿಲ್ಲ. ಯಾರೂ ಕೇಳದೆ ಅದು ಬಂದಿತ್ತು. ನಾನು ಅವರ ಕಡೆಯವನಲ್ಲ, ನಿನ್ನ ಕಡೆಯವನು ಎಂದು ಆ ಇಸ್ತ್ರಿ ಅಂಗಿಗೆ ಹೇಳುವ ನಗು. ಹೌಕುರ್ ವಾಪಸು ನಗಲೂ ಇಲ್ಲ, ಗಡಿಯಾರ ನೋಡಿಕೊಂಡು ಮೆಟ್ಟಿಲು ಹತ್ತಿದ. ಬಾಗಿಲನ್ನು ಹೊರಗಿನಿಂದ ಒತ್ತಿ ತಿರುಪಿದ್ದು ಕಾರ್ವೆಲ್‌ನ ಕೈ. ವಿಮಾನ ಎದ್ದಿತು. ಅದು ಕೊಲ್ಲಿಯ ಮೇಲೆ ವಾಲುತ್ತಿರುವಾಗ ಕೊಲ್ಲಿಯ ತಲೆಯ ತಿರುವಿನಲ್ಲಿ ಜೀಪಿನ ಧೂಳು ಕಂಡಿತು. ಹಿಂದಿರುಗಿ ನೋಡಿದರೆ ಅಡುಗೆಮನೆಯ ಕಿಟಕಿಯಲ್ಲಿ ಗ್ರೋವಾ ನಿಂತಿದ್ದಳು.

ಎಬೆನೇಸರ್ ಜೀಪಿನಿಂದ ಇಳಿದಾಗ ಮೈಮೇಲೆ ಭಾನುವಾರದ ಸೂಟು, ಗದ್ದದ ಮೇಲೆ ಗಡ್ಡ ಹೆರೆದ ಗಾಯಕ್ಕೆ ಅಂಟಿಸಿದ ಕಾಗದದ ಚೂರು, ಕಂಕುಳಲ್ಲಿ ತಗಡಿನ ಡಬ್ಬಿ. ಡಬ್ಬಿಯಲ್ಲಿ ಹೊಗೆ ಹಾಕಿದ ಕುರಿಮಾಂಸ, ಆಸ್ಪತ್ರೆಯ ಊಟ ಸಲೋಮೆಗೆ ಸೇರುವುದಿಲ್ಲವಂತೆ. ಖಾಲಿ ರನ್‌ವೇಯನ್ನು ಆ ತುದಿಯಿಂದ ಈ ತುದಿಗೆ ನೋಡಿದ.

“ಹೋಯ್ತಾ?”

“ಹೋಯ್ತು.”

“ದುಪ್ಪಟಿ ಹಾಕಿದ್ನಲ್ಲಯ್ಯಾ.”

“ಕಾಣಿಸ್ಲಿಲ್ಲ,” ಅಂದುಬಿಟ್ಟ ಕಾರ್ವೆಲ್.

ಎಬೆನೇಸರ್ ನೀರಿನ ಆಚೆ ನೋಡಲು ಕಣ್ಣು ಕಿರಿದು ಮಾಡಿದ. ಪೊರೆ ಬಂದ ಕಣ್ಣು. ಅವನಿಗೆ ಇಲ್ಲಿಂದ ತನ್ನ ಮನೆಯೇ ಕಾಣುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಅಲ್ಲಿ ದುಪ್ಪಟಿ ಹಾರುತ್ತಲೇ ಇತ್ತು. “ಕಾಣಿಸಿರಲ್ಲ ಬಿಡು,” ಅಂದ ಮುದುಕ ನಿಧಾನವಾಗಿ. “ಹಳೇದು ಅದು. ಅವಳು ಹೋದ ಮೇಲೆ ನಾನೇ ಒಗೆಯೋದು. ಬೂದಿ ಬಣ್ಣಕ್ಕೆ ತಿರುಗಿಬಿಟ್ಟಿದೆ. ಅಂಥದ್ದನ್ನ ಹಾಕ್ಬಿಟ್ಟು, ಹಾಯಾಗಿ ಕೂತು ಗಡ್ಡ ಹೆರ್ಕೊಂಡೆ ನೋಡು, ನನಗೆ ಬುದ್ಧಿ ಬೇಡ್ವಾ? ಬೇಗ ಬನ್ನಿ ಅಂತ ಡಾಕ್ಟ್ರು ಹೇಳಿಕಳಿಸಿದ್ರು.” ಬೇಗ ಬನ್ನಿ ಅಂತ. ಅದು ಕಾರ್ವೆಲ್‌ಗೆ ಗೊತ್ತಿರಲಿಲ್ಲ, ಆ ಫೋನು ಬಂದಾಗ ಅವನು ರನ್‌ವೇಯ ಮೇಲಿದ್ದಿರಬೇಕು. ಗೊತ್ತಿರಲಿಲ್ಲ ಎಂಬುದನ್ನು ಅವನು ಆಮೇಲೆ ಎಷ್ಟೋ ಸಲ ಹಿಡಿದುಕೊಳ್ಳಲು ನೋಡಿದ್ದಾನೆ, ಕೈಗೆ ಸಿಕ್ಕುವುದಿಲ್ಲ. ಗೊತ್ತಿರಲಿ ಬಿಡಲಿ, ದುಪ್ಪಟಿ ಹಾಕಿದವನಿಗೆ ಕಾಯಬೇಕಿತ್ತು. ಯಾಕೆ ಹೊರಟಿದ್ದೀಯ ಎಂದು ಸ್ಟುರ್ಲಾ ಟಗರನ್ನೂ ಕೇಳಿದವನಲ್ಲ.

ಆ ರಾತ್ರಿಯೇ ಈಶಾನ್ಯದ ಗಾಳಿ ಎದ್ದು ಕೊಲ್ಲಿಯ ಬಾಯಿ ಮುಚ್ಚಿತು. ರೇಕ್ಯಾವಿಕ್‌ಗೆ ಹೋಗುವ ಘಟ್ಟದ ರಸ್ತೆಯೂ ಹಿಮ ಬಿದ್ದು ಮುಚ್ಚಿತು. ಬುಧವಾರದ ವಿಮಾನ ಬರಲಿಲ್ಲ, ಅದರ ನಂತರದ್ದೂ ಬರಲಿಲ್ಲ. ದಿನಾ ಬೆಳಿಗ್ಗೆ ಎಬೆನೇಸರ್ ಸೂಟು ತೊಟ್ಟು ಜೀಪಿನಲ್ಲಿ ಬಂದು, ಗ್ರೋವಾಳ ಅಡುಗೆಮನೆಯಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಹೊತ್ತಿಗೆ ಮುಂಚೆಯೇ ಬರುತ್ತಿದ್ದ ಈಗ. ಕಾರ್ವೆಲ್ ಅವನೆದುರು ಕಾಫಿ ಕುಡಿಯಲಾರದೆ ಗಾಳಿಯ ದಿಕ್ಕು ನೋಡುವ ನೆಪದಲ್ಲಿ ಹೊರಗೆ ಹೋಗಿ ಗೋಡೆಯ ಮರೆಯಲ್ಲಿ ನಡುಗುತ್ತ ನಿಲ್ಲುತ್ತಿದ್ದ. ಫೋನು ಬಂದದ್ದೂ ಅದೇ ಅಡುಗೆಮನೆಗೆ. ನರ್ಸೊಬ್ಬಳು ಮಾತಾಡಿದಳು. ಸಲೋಮೆ ಬೆಳಗಿನ ಜಾವ ಹೋದಳು. ನೋವೇನೂ ಇರಲಿಲ್ಲ. ಆಗಾಗ ಎಚ್ಚರಾದಾಗ ವಿಮಾನ ಬಂತಾ, ವಿಮಾನ ಬಂತಾ ಎಂದು ಕೇಳುತ್ತಿದ್ದಳು. ಒಂದೇ ತಂತಿಯಾದ್ದರಿಂದ ಇಡೀ ಕೊಲ್ಲಿಗೆ ಅದು ಒಟ್ಟಿಗೇ ಕೇಳಿತು. ಯಾರೋ ಒಬ್ಬಳು ಆ ತುದಿಯಲ್ಲಿ ಬಿಕ್ಕಿದ್ದು ಎಬೆನೇಸರ್ ಹಿಡಿದಿದ್ದ ರಿಸೀವರಿನಿಂದ ಕಾರ್ವೆಲ್‌ಗೂ ಕೇಳಿತು. ಎಬೆನೇಸರ್ ಫೋನು ಇಟ್ಟು, ಡಬ್ಬಿಯನ್ನು ಗ್ರೋವಾಳ ಕೈಗೆ ಕೊಟ್ಟು, “ನೀವೇ ತಿನ್ನಿ, ಕೆಟ್ಟುಹೋಗತ್ತೆ,” ಅಂದ. ಆ ಸಂಜೆಯೇ ಗ್ರೋವಾ ಒಳಗೆ ಹಗ್ಗ ಕಟ್ಟಿದ್ದು.

ಆ ಮಾಂಸವನ್ನು ಇಬ್ಬರೂ ತಿನ್ನಲಿಲ್ಲ, ಎಸೆಯಲೂ ಇಲ್ಲ. ಡಬ್ಬಿ ಇನ್ನೂ ಉಗ್ರಾಣದಲ್ಲಿದೆ ಎಂಬುದು ಈಗ, ರನ್‌ವೇಯ ಅಂಚಿನಲ್ಲಿ ಕುರಿಗಳನ್ನು ಹುಶ್ ಎಂದು ಓಡಿಸುತ್ತಿರುವಾಗ, ನೆನಪಾಯಿತು. ನೋಡಬಾರದು ಎಂದುಕೊಂಡದ್ದು ಮರೆತು ತಲೆ ಎತ್ತಿದ. ಆಚೆ ದಡದ ಪಕ್ಕೆಗೋಡೆಯ ಮೇಲೆ ದುಪ್ಪಟಿ ಇತ್ತು. ಹಳೆಯದಲ್ಲ, ಹೊಸದು, ಮಡಿಕೆಯ ಗೆರೆ ಸಹಿತ ಕಣ್ಣಿಗೆ ಹೊಡೆಯುವ ಬಿಳಿ. ಯಾಕೆ ಹಾಕಿದ? ಎಲ್ಲಿಗೆ ಹೊರಟಿದ್ದಾನೆ ಇವನು? ಗೊತ್ತಾಗಿಬಿಟ್ಟಿದೆಯಾ ಮುದುಕನಿಗೆ, ಬೇಕೆಂದೇ ಹಾಕಿದ್ದಾನಾ? ಕಾರ್ವೆಲ್ ಗಾಳಿಯ ದಿಕ್ಕು ತೋರಿಸುವ ಚೀಲದ ಕಂಬ ಹಿಡಿದು ನಿಂತ. ಹೇಳಿಬಿಡುವುದು, ಇವತ್ತೇ, ಸಲೋಮೆಯ ಎದುರಿಗೇ. ನಾನು ನೋಡಿದೆ, ನೋಡಿ ಸುಮ್ಮನಿದ್ದೆ, ನಿನ್ನ ದುಪ್ಪಟಿಯದೇನೂ ತಪ್ಪಿಲ್ಲ, ಚೆನ್ನಾಗಿ ಕಂಡಿತ್ತು. ಅಷ್ಟು ಹೇಳಿದರೆ ಒಬ್ಬ ಮನುಷ್ಯನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಅದು ತನ್ನದೇ ಕಲ್ಲು, ಇಳಿಸಿಕೊಳ್ಳಬೇಕಾದವನೂ ತಾನೇ. ಈ ವಾಕ್ಯಗಳನ್ನು ಬಾಯಿಪಾಠದ ಹಾಗೆ ಎರಡು ಮೂರು ಸಲ ಹೇಳಿಕೊಂಡ. ಹೇಳಿಕೊಳ್ಳುತ್ತಿರುವಾಗಲೇ ಇನ್ನೊಂದು ಮನಸ್ಸು, ಊರಿಗೆಲ್ಲ ತಿಳಿದರೆ ಈ ರನ್‌ವೇಯ ಮೇಲೆ ಮುಖ ಎತ್ತಿ ಹೇಗೆ ನಿಲ್ಲುತ್ತೀಯ ಎಂದು ಕೇಳುತ್ತಿತ್ತು.

ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಹೌಕುರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಸಲೋಮೆಯ ಪೆಟ್ಟಿಗೆ ಇಳಿಸಲು ತಾನೂ ಒಂದು ಕೈ ಕೊಟ್ಟ. ಶೆಡ್ಡಿನಲ್ಲಿ ಎರಡು ಬೆಂಚು ಜೋಡಿಸಿ ಅದರ ಮೇಲಿಟ್ಟರು. ಪಕ್ಕದಲ್ಲಿ ಸಹಕಾರಿ ಅಂಗಡಿಗೆ ಬಂದ ಬಣ್ಣದ ಡಬ್ಬಗಳಿದ್ದವು, ಕಾರ್ವೆಲ್ ಅವನ್ನು ಕಾಲಿನಿಂದ ದೂರ ಸರಿಸಿದ.

“ಇವರ ಯಜಮಾನ್ರು ಆವತ್ತು ವಿಮಾನ ತಪ್ಪಿಸಿಕೊಂಡ್ರಂತೆ? ಆಫೀಸಿನಲ್ಲಿ ಹೇಳ್ತಿದ್ರು,” ಅಂದ ಹೌಕುರ್.

“ಹೂಂ. ತಡ ಆಯ್ತು ಅವರಿಗೆ.”

“ಛೆ. ನಿಮಗೆ ಮೊದಲೇ ಗೊತ್ತಿದ್ದಿದ್ರೆ ಒಂದು ಮಾತು ಹೇಳಬಹುದಿತ್ತು. ನಿಲ್ಲಿಸ್ತಿದ್ದೆ ಮಾರಾಯ್ರೆ. ವೇಳಾಪಟ್ಟಿ ಏನು ದೇವರ ವಾಕ್ಯನಾ? ನಮ್ಮಜ್ಜಿ ಊರೂ ಇಂಥದ್ದೇ.”

ಕಾರ್ವೆಲ್ ಅವನ ಮುಖ ನೋಡಿದ. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿ ನಿಲ್ಲಿಸುತ್ತಿದ್ದ ಹುಡುಗ. ಇವನಿಗೆ ಹೆದರಿ, ಇವನ ಕಣ್ಣಿನಲ್ಲಿ ದೊಡ್ಡವನಾಗಲು ಹೋಗಿ ತಾನು ನಕ್ಕದ್ದು. ಇಷ್ಟು ದಿನ ಕಂಪನಿ, ಕಾಲ, ವೇಳಾಪಟ್ಟಿ ಎಂದು ಯಾರ್ಯಾರ ತಲೆಗೋ ಸ್ವಲ್ಪ ಸ್ವಲ್ಪ ಹಂಚಿಟ್ಟಿದ್ದ ಪಾಪ ಅಷ್ಟೂ ವಾಪಸು ಬಂತು. ಬೈಯಲು ಯಾರೂ ಉಳಿಯಲಿಲ್ಲ. ಹೌಕುರ್ ಗಡಿಯಾರ ನೋಡಿಕೊಂಡು ಹೊರಡುವಾಗ ನೀರಿನ ಆಚೆ ದೃಷ್ಟಿ ಹರಿಸಿ, “ಇವತ್ತು ಒಳ್ಳೇ ಬೆಳ್ಳಗೆ ಒಗೆದಿದ್ದಾರೆ,” ಅಂದ. ವಿಮಾನ ಹೊತ್ತಿಗೆ ಸರಿಯಾಗಿ ಎದ್ದಿತು.

ಎಬೆನೇಸರ್ ನೆರೆಯವನ ಲಾರಿ ಬೇಡಿ ತಂದಿದ್ದ, ತಾನು ಪಕ್ಕದ ಸೀಟಿನಿಂದ ಇಳಿದ. ಲಾರಿಯಲ್ಲಿ ಹುಲ್ಲು ಹಾಸಿದ್ದರು. ನೆರೆಯವನು ಲಾರಿಯನ್ನು ಹಿಂದೆ ತಿರುಗಿಸುತ್ತಿದ್ದಾಗ ಮುದುಕ ಕುಂಟುತ್ತ ಶೆಡ್ಡಿನ ಬಾಗಿಲಿಗೆ ಬಂದ.

“ಬಂದ್ಲಾ?”

“ಬಂದಿದ್ದಾರೆ. ಒಳಗಿದ್ದಾರೆ.”

“ದುಪ್ಪಟಿ ಕಾಣಿಸ್ತಾ?”

“ಕಾಣಿಸ್ತು.”

“ಹೊಸದು ಕಣಯ್ಯಾ. ಅಂಗಡೀಲಿ ಹೂವಿಂದು ಕೊಡೋಕೆ ಬಂದ್ರು, ಬೇಡ, ಇರೋದ್ರಲ್ಲೇ ಬೆಳ್ಳಗಿರೋದು ಕೊಡಿ ಅಂದೆ. ನನಗೆಲ್ಲಿ ತಡ ಆಗತ್ತೋ, ತಗೊಳ್ಳೋರಿಲ್ಲ ಅಂತ ಇವಳನ್ನ ಎಲ್ಲಿ ವಾಪಸ್ ಕಳಿಸಿಬಿಡ್ತೀರೋ ಅಂತ ಬೆಳಗಾಗೆದ್ದು ಹಾಕಿದೆ.”

“ಹಾಗೆಲ್ಲಾ ಕಳಿಸಲ್ಲ, ಎಬೆನೇಸರ್.”

“ನಿಮ್ಮ ಹೊಸ ನಿಯಮ ನನಗೇನು ಗೊತ್ತು?”

ಮಾತಿನಲ್ಲಿ ಚುಚ್ಚು ಇರಲಿಲ್ಲ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಬೆಚ್ಚಗಿದೆಯೋ ಎಂದು ನೋಡುವವನ ಹಾಗೆ ಸ್ವಲ್ಪ ಹೊತ್ತು ಹಾಗೆಯೇ ಇದ್ದ. ಆಮೇಲೆ ತಿರುಗದೆ ಕೇಳಿದ, “ಆವತ್ತಿಂದು ಕಾಣಿಸ್ಲಿಲ್ಲ ಅಂದ್ಯಲ್ಲ. ಸ್ವಲ್ಪಾನೂ ಕಾಣಿಸ್ಲಿಲ್ವಾ?”

ಬಾಯಿಪಾಠ ಮಾಡಿದ್ದೆಲ್ಲ ಗಂಟಲಿನಲ್ಲೇ ಇತ್ತು. ನಾನು ನೋಡಿದೆ. ಎರಡೇ ಪದ. ಮುದುಕ ಕೇಳುತ್ತಿರುವುದು ಅದನ್ನೇ, ಬೇಡುತ್ತಿರುವುದು ಅದನ್ನೇ. ಕಾಣಿಸಿತ್ತು ಎಂದರೆ ಅವನು ಇವನನ್ನು ಶಪಿಸಬಹುದು, ಆದರೆ ರಾತ್ರಿ ನಿದ್ದೆ ಮಾಡಬಹುದು. ಹೇಳು, ಹೇಳೋ ಸುಡುಗಾಡೇ ಎಂದು ತನ್ನನ್ನು ತಾನೇ ತಿವಿದುಕೊಂಡ. ಬಾಯಿ ತೆರೆಯಿತು ಕೂಡ. ಆದರೆ ಎಬೆನೇಸರ್ ತಿರುಗಿದ, ಪೊರೆಯ ಕಣ್ಣನ್ನು ಇವನ ಮುಖದ ಮೇಲೆ ಇಟ್ಟ, ಆ ಕಣ್ಣಿನಲ್ಲಿ ಇಷ್ಟು ವರ್ಷದ ನಂಬಿಕೆ ಹಾಗೆಯೇ ಇತ್ತು, ಕಾರ್ವೆಲ್ ನೋಡಿದ್ದರೆ ಬಿಡುತ್ತಿರಲಿಲ್ಲ ಎಂಬ ನಂಬಿಕೆ. ಅದು ಒಡೆಯುವುದನ್ನು ಎದುರಿಗೆ ನಿಂತು ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಹೇಡಿತನ ಅಷ್ಟೇ, ಬೇರೆ ಹೆಸರಿಲ್ಲ ಅದಕ್ಕೆ.

“ಸ್ವಲ್ಪಾನೂ ಇಲ್ಲ,” ಅಂದ.

ಎಬೆನೇಸರ್ ತಲೆ ಆಡಿಸಿದ. “ನೀಲಿ ಹಾಕಿ ಒಗೀರಿ ಅಂತ ಆಸ್ಪತ್ರೆಗೆ ಹೋಗೋವಾಗ ಹೇಳಿಹೋಗಿದ್ಲು. ಸೀಸೆ ಎಲ್ಲಿದೆ ಅಂತಾನೂ ತೋರ್ಸಿದ್ಲು. ನನಗೆ ಸೋಮಾರಿತನ.” ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದ. “ತಪ್ಪಾಯ್ತು ಕಣೇ.”

ಬಾಗಿಲಲ್ಲಿ ಗ್ರೋವಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಯಲ್ಲಿ ಅಡುಗೆಮನೆಯ ಹಗ್ಗದಿಂದ ತೆಗೆದ ದುಪ್ಪಟಿ, ಇಸ್ತ್ರಿ ಮಾಡಿ ಮಡಚಿದ್ದು. “ದಾರಿ ತುಂಬಾ ಧೂಳು,” ಎಂದಷ್ಟೇ ಹೇಳಿ, ಅದನ್ನು ಬಿಡಿಸಿ ಪೆಟ್ಟಿಗೆಯ ಮೇಲೆ ಹೊದಿಸಿದಳು. ಒಂದು ತುದಿ ಕಾರ್ವೆಲ್‌ನ ಕಡೆ ಚಾಚಿದಳು. ಅವನು ಹಿಡಿದು ಎಳೆದು ಸರಿಮಾಡಿದ. ಎಬೆನೇಸರ್ ಬಗ್ಗಿ, ಬಟ್ಟೆಯನ್ನು ಕಣ್ಣಿನ ಹತ್ತಿರ ತಂದು ನೋಡಿದ.

“ಎಷ್ಟು ಬೆಳ್ಳಗಿದೆಯಮ್ಮಾ,” ಅಂದ. “ಇಂಥದ್ದು ಹಾಕಿದ್ದಿದ್ರೆ ಕಾಣಿಸ್ತಿತ್ತು.”

ಗ್ರೋವಾ ಗಂಡನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ. ಅವಳು ಹೇಳಿಬಿಡುತ್ತಾಳೆ ಎಂದು ಅವನು ಕಾದ, ಹೇಳಿಬಿಡಲಿ ಎಂದೂ ಕಾದ. ಅವಳು ಮುದುಕನ ಕೋಟಿನ ಮೇಲೆ ಅಂಟಿದ್ದ ಹುಲ್ಲಿನ ಎಸಳು ತೆಗೆದಳು, ಅಷ್ಟೇ. ಆಮೇಲೆ ನಾಲ್ವರೂ ಸೇರಿ ಎತ್ತಿದರು. ಸಲೋಮೆ ಹಗುರವಾಗಿದ್ದಳು. ಲಾರಿ ಕೊಲ್ಲಿಯ ತಲೆ ಸುತ್ತಿಕೊಂಡು ಆಚೆ ದಡ ಸೇರುವವರೆಗೂ ಕಾರ್ವೆಲ್ ರನ್‌ವೇಯ ಮೇಲೇ ನಿಂತಿದ್ದ, ಅಷ್ಟು ಹೊತ್ತೂ ಟೋಪಿ ತೆಗೆಯುವುದು ಮರೆತಿತ್ತು.

ಮಣ್ಣು ಮುಗಿಯಿತು. ಪಾದ್ರಿ ಬಂದು ಹೋದ. ಎಬೆನೇಸರ್ ಆ ದುಪ್ಪಟಿಯನ್ನು ಮಾತ್ರ ತೆಗೆಯಲಿಲ್ಲ. ಮರೆತಿರಬಹುದು, ಕುಂಟುಗಾಲಿಗೆ ಏಣಿ ಹತ್ತಲು ಬೇಸರವಾಗಿರಬಹುದು, ಅಥವಾ ಕಾಣಿಸಿತು ಎಂದನಲ್ಲ, ಇನ್ನು ಕಾಣಿಸುತ್ತಲೇ ಇರಲಿ ಎಂದಿರಬಹುದು. ಕೇಳುವ ಮುಖ ಕಾರ್ವೆಲ್‌ಗೆ ಇರಲಿಲ್ಲ. ಅವನು ಎದ್ದು ಅಡುಗೆಮನೆಯ ಒದ್ದೆ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ದಾಟಿದರೆ, ಕಿಟಕಿಯಲ್ಲಿ ಅದು. ರನ್‌ವೇಗೆ ಇಳಿದರೆ, ನೀರಿನ ಆಚೆ ಅದು. ಮಳೆಗೆ ನೆನೆಯಿತು, ಗಾಳಿಗೆ ಒಂದು ಮೂಲೆ ಹರಿಯಿತು, ಹಿಮ ಬಿದ್ದ ದಿನ ಗೋಡೆಯೂ ಅದೂ ಒಂದೇ ಆಗಿ, ಮತ್ತೆ ಬಿಸಿಲಿಗೆ ಬೇರೆಯಾಯಿತು. ವಿಮಾನ ಬರುತ್ತಿತ್ತು, ಹೋಗುತ್ತಿತ್ತು, ಎಲ್ಲ ಹೊತ್ತಿಗೆ ಸರಿಯಾಗಿ. ಪಟ್ಟಿಯಲ್ಲಿರುವ ಊರುಗಳಲ್ಲೆಲ್ಲ ನಿಮ್ಮದೇ ಮೇಲು ಎಂದು ಸ್ಟುರ್ಲಾ ಫೋನು ಮಾಡಿ ಹೇಳಿದ. ಊರಿನವರು ಈಗ ಹೊತ್ತಿಗೆ ಮುಂಚೆಯೇ ಬಂದು ಶೆಡ್ಡಿನಲ್ಲಿ ಸಾಲಾಗಿ ಕೂರುತ್ತಿದ್ದರು, ಯಾರ ಪಕ್ಕೆಗೋಡೆಯ ಮೇಲೂ ಏನೂ ಇರುತ್ತಿರಲಿಲ್ಲ, ಅದೊಂದರ ಹೊರತು.

ಚಳಿಗಾಲದ ಕೊನೆಯ ಒಂದು ಬೆಳಿಗ್ಗೆ ಹೌಕುರ್ ಮೆಟ್ಟಿಲು ಹತ್ತುವ ಮುಂಚೆ ನಿಂತು ಆಚೆ ದಡ ನೋಡಿದ. ಅದರ ಬಣ್ಣ ಆಗಲೇ ಬೂದಿಗೆ ತಿರುಗಿತ್ತು.

“ಏನ್ರೀ ಇದು, ಆ ಮನೆಯವರು ಬಟ್ಟೆ ತೆಗೀಲೇ ಇಲ್ವಲ್ಲ ಇನ್ನೂ?”

ಕಾರ್ವೆಲ್ ನಗಲು ನೋಡಿದ. ಬರಲಿಲ್ಲ.

“ಒಣಗಿಲ್ಲ ಇನ್ನೂ,” ಅಂದ.

ಹೌಕುರ್ ಗಡಿಯಾರ ನೋಡಿಕೊಂಡು ಮೆಟ್ಟಿಲು ಹತ್ತಿದ. ಕಾರ್ವೆಲ್ ಬಾಗಿಲು ಒತ್ತಿ, ಹೊರಗಿನಿಂದ ತಿರುಪಿದ.